ಹೊಗೆಯ ನಡುವೆ ನಡಿಗೆ: ಯಾರ ಶ್ರಮ ಲೆಕ್ಕಕ್ಕೆ ಬಂದಿದೆ?

ವಾಯುಮಾಲಿನ್ಯ ಮತ್ತು ವ್ಯಾಯಾಮದ ಸಂಬಂಧವನ್ನು ಚರ್ಚಿಸುವವರು ಮತ್ತೆಮತ್ತೆ ಲಂಡನ್ನಿನ ಒಂದು ಪ್ರಯೋಗಕ್ಕೆ ಮರಳುತ್ತಾರೆ. ಅದಕ್ಕೆ ಕಾರಣವೂ ಇದೆ. ಇಂಪೀರಿಯಲ್ ಕಾಲೇಜಿನ ಸಂಶೋಧಕರು 2012ರಿಂದ 2014ರ ನಡುವೆ, 60 ವರ್ಷ ದಾಟಿದ 119 ಮಂದಿಯನ್ನು ಡೀಸೆಲ್ ಬಸ್ಸು, ಟ್ಯಾಕ್ಸಿಗಳಿಂದ ತುಂಬಿದ್ದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಎರಡು ಗಂಟೆ ನಡೆಸಿದರು. ಬೇರೊಂದು ದಿನ ಅದೇ ಜನರನ್ನು ಹತ್ತಿರದ ಹೈಡ್ ಪಾರ್ಕಿನಲ್ಲಿ ಅಷ್ಟೇ ಹೊತ್ತು ನಡೆಸಿದರು. ಅವರಲ್ಲಿ 40 ಮಂದಿ ಆರೋಗ್ಯವಂತರು, 40 ಮಂದಿ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಯವರು, ಉಳಿದ 39 ಮಂದಿ ಹೃದ್ರೋಗಿಗಳು. ಪಾರ್ಕಿನ ನಡಿಗೆಯಿಂದ ಶ್ವಾಸಕೋಶದ ಸಾಮರ್ಥ್ಯ ಹೆಚ್ಚಿತು, ರಕ್ತನಾಳಗಳ ಬಿಗುವು ಇಳಿಯಿತು. ಈ ಗುಣ ಮರುದಿನದವರೆಗೂ ಉಳಿಯಿತು. ಆರೋಗ್ಯವಂತರಲ್ಲಿ ರಕ್ತನಾಳಗಳ ಬಿಗುವು ಶೇ. 24ರಷ್ಟು ತಗ್ಗಿದ್ದರೆ, ರಸ್ತೆಯಲ್ಲಿ ನಡೆದಾಗ ತಗ್ಗಿದ್ದು ಶೇ. 5ಕ್ಕೂ ಕಡಿಮೆ. ನಡೆದವರು ಅವರೇ, ನಡೆದ ಹೊತ್ತೂ ಅಷ್ಟೇ. ಬದಲಾದದ್ದು ದಾರಿ ಮಾತ್ರ.

ಇದರ ಹಿಂದಿನ ಶರೀರಶಾಸ್ತ್ರ ಸರಳ. ಸುಮ್ಮನೆ ಕೂತವರು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಂಡರೆ, ಬಿರುಸಿನ ವ್ಯಾಯಾಮದಲ್ಲಿ ಅದು 60 ಲೀಟರ್ ದಾಟುವುದುಂಟು. ಏದುಸಿರು ಬಂದಾಗ ಬಾಯಿಂದ ಉಸಿರಾಡುತ್ತೇವೆ, ಮೂಗು ಸೋಸುವ ಕೆಲಸ ತಪ್ಪುತ್ತದೆ. ಕಣಗಳು ಇನ್ನೂ ಆಳಕ್ಕಿಳಿಯುತ್ತವೆ. ಒಮ್ಮೆ ಹೃದಯಾಘಾತವಾಗಿದ್ದ 20 ಗಂಡಸರು ತೆಳುಗೊಳಿಸಿದ ಡೀಸೆಲ್ ಹೊಗೆಯಲ್ಲಿ ಸೈಕಲ್ ತುಳಿದಾಗ, ಹೃದಯಕ್ಕೆ ರಕ್ತ ಸಾಲದ ಲಕ್ಷಣ ಇಸಿಜಿಯಲ್ಲಿ ಶುದ್ಧ ಗಾಳಿಯಲ್ಲಿ ತುಳಿದಾಗಿಗಿಂತ ಹೆಚ್ಚಾಗಿ ಕಂಡದ್ದನ್ನು 2007ರಲ್ಲೇ ವರದಿ ಮಾಡಲಾಗಿತ್ತು.

ಆದರೆ ಲಂಡನ್ ಪ್ರಯೋಗದಿಂದ ದೀರ್ಘಕಾಲದ ಕಾಯಿಲೆಗಳ ಬಗ್ಗೆ ನೇರ ತೀರ್ಮಾನಕ್ಕೆ ಜಿಗಿಯುವಂತಿಲ್ಲ. ಅದು ಅಳೆದದ್ದು ಒಂದು ದಿನದ ಪರಿಣಾಮವನ್ನು. ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಹೊಗೆಯ ಜೊತೆ ಗದ್ದಲವೂ ಇತ್ತು. ತಾನು ಯಾವ ದಾರಿಯಲ್ಲಿ ನಡೆಯುತ್ತಿದ್ದೇನೆಂಬುದನ್ನು ನಡೆಯುವವನಿಂದ ಮುಚ್ಚಿಡುವ ಉಪಾಯವೂ ಇಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಾರ್ಶ್ವವಾಯು ಬೆಳೆಯುವುದು ವರ್ಷಗಟ್ಟಲೆ. ಅದಕ್ಕೆ ಬೇಕಾದದ್ದು ಲಕ್ಷಗಟ್ಟಲೆ ಜನರ ಬೆನ್ನುಹತ್ತಿದ ಅಧ್ಯಯನ.

ಅಂಥವೂ ಇವೆ. ಆದರೆ ಅವು ಒಂದೇ ಮಾತನ್ನು ಹೇಳುತ್ತಿಲ್ಲ. ತೈವಾನಿನ 3,84,130 ವಯಸ್ಕರ ಅಧ್ಯಯನದಲ್ಲಿ, ಗಾಳಿ ಎಷ್ಟೇ ಕೆಟ್ಟಿದ್ದರೂ ರೂಢಿಯಾಗಿ ವ್ಯಾಯಾಮ ಮಾಡುವವರಲ್ಲಿ ಸಾವಿನ ಅಪಾಯ ಕಡಿಮೆಯೇ ಇತ್ತು. ಡೆನ್ಮಾರ್ಕಿನ 52,061 ಮಂದಿಯ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಕಂಡಿತು. ಕೊರಿಯಾದ ಫಲಿತಾಂಶ ಬೇರೆ. ಅಲ್ಲಿ 20ರಿಂದ 39 ವಯಸ್ಸಿನ ಸುಮಾರು 14.7 ಲಕ್ಷ ಜನರಲ್ಲಿ, ಸೂಕ್ಷ್ಮಕಣ (ಪಿಎಂ 2.5) ಘನಮೀಟರಿಗೆ 26.43 ಮೈಕ್ರೋಗ್ರಾಂ ಮೀರಿದ ಕಡೆ ವ್ಯಾಯಾಮವನ್ನು ಸೊನ್ನೆಯಿಂದ ಒಮ್ಮೆಲೇ ತೀರಾ ಹೆಚ್ಚಿಸಿಕೊಂಡವರಿಗೆ, ಏನೂ ಮಾಡದೆ ಉಳಿದವರಿಗಿಂತ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇ. 33ರಷ್ಟು ಜಾಸ್ತಿ ಕಂಡಿತು.

ತೈವಾನ್ ಮತ್ತು ಕೊರಿಯಾದ ಗಾಳಿಯಲ್ಲಿ ಅಂಥ ಅಜಗಜಾಂತರವೇನಿಲ್ಲ. ವ್ಯತ್ಯಾಸ ಪ್ರಶ್ನೆಯಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ತೈವಾನಿನವರು ಅಳೆದದ್ದು ರೂಢಿಯನ್ನು. ಕೊರಿಯಾದವರು ಅಳೆದದ್ದು ಎರಡು ತಪಾಸಣೆಗಳ ನಡುವಿನ ಬದಲಾವಣೆಯನ್ನು. ವರ್ಷಗಳಿಂದ ಪಳಗಿದ ದೇಹವೂ ನಿನ್ನೆ ಮೊನ್ನೆ ಓಟ ಶುರುಮಾಡಿದ ದೇಹವೂ ಒಂದೇ ಅಲ್ಲ. ಎರಡನ್ನೂ ಒಂದೇ ಕೋಷ್ಟಕಕ್ಕೆ ತುರುಕಿ ಸರಾಸರಿ ತೆಗೆಯುವುದು ಸರಿಯಲ್ಲ.

ನಮ್ಮ ಪತ್ರಿಕೆಗಳಿಗೆ ಹೆಚ್ಚು ಪ್ರಿಯವಾದ ಅಂಕಿ ಮಾತ್ರ ಇವು ಯಾವುದರಿಂದಲೂ ಬಂದದ್ದಲ್ಲ. ‘ದೆಹಲಿಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ಸೈಕಲ್ ತುಳಿದರೆ ಲಾಭವಿಲ್ಲ’ ಎಂಬ ಮಾತಿನ ಮೂಲ ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಗಣಿತ ಮಾದರಿ. ವರ್ಷದ ಸರಾಸರಿ ಪಿಎಂ 2.5 ಮಟ್ಟ 153 ಎಂದು ಹಿಡಿದಾಗ, ಸೈಕಲ್ಲಿನ ಲಾಭ 30 ನಿಮಿಷಕ್ಕೆ ಏರುವುದನ್ನು ನಿಲ್ಲಿಸುತ್ತದೆ. 45 ನಿಮಿಷದಾಚೆ ಮನೆಯಲ್ಲೇ ಇದ್ದುದಕ್ಕಿಂತ ನಷ್ಟ. ಅಂದರೆ 30 ನಿಮಿಷವೆಂಬುದು ಲಾಭ ಬತ್ತುವ ಗೆರೆಯಲ್ಲ, ಅದು ತುದಿ ಮುಟ್ಟುವ ಗೆರೆ. ಮಟ್ಟ 100 ಇದ್ದರೆ ನಷ್ಟ ಶುರುವಾಗುವುದು ದಿನಕ್ಕೆ ಒಂದೂವರೆ ಗಂಟೆ ಸೈಕಲ್ ತುಳಿದ ಮೇಲೆ, ನಡಿಗೆಯಾದರೆ ಹತ್ತು ಗಂಟೆಯ ಮೇಲೆ. ಬೆಂಗಳೂರಿನ ವಾರ್ಷಿಕ ಸರಾಸರಿ 30ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ 5ರ ಮಿತಿಗೆ ಹೋಲಿಸಿದರೆ ಇದು ನಾಚಿಕೆಗೇಡು, ಸಂಶಯವಿಲ್ಲ. ಆದರೂ ಲಾಲ್‌ಬಾಗ್‌ನಲ್ಲಿ ಮುಕ್ಕಾಲು ಗಂಟೆ ನಡೆಯುವವರು ದೆಹಲಿಯ ಲೆಕ್ಕ ಓದಿ ನಡಿಗೆ ಬಿಡಬೇಕಾದ ಕಾರಣ ಆ ಮಾದರಿಯಲ್ಲಿ ಇಲ್ಲ. ಬದಲಿಸಬೇಕಾದದ್ದು ದಾರಿಯನ್ನು ಮತ್ತು ಹೊತ್ತನ್ನು. ಮುಖ್ಯರಸ್ತೆ ಬಿಟ್ಟು ಒಳರಸ್ತೆ ಹಿಡಿಯುವುದು ಒಂದು. ಬೆಳಗಿನ ಗಾಳಿ ಶುದ್ಧವೆಂಬ ನಂಬಿಕೆ ಚಳಿಗಾಲದಲ್ಲಿ ಹೊಂದುವುದಿಲ್ಲ: ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ಕೂತು ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಬಿಸಿಲೇರಿದ ಮೇಲೆ ಹೊರಡುವುದು ಮೇಲು, ಆಸ್ತಮಾ ಮತ್ತು ಹೃದ್ರೋಗ ಇರುವವರಿಗಂತೂ ಖಂಡಿತ.

ಭಾರತದ ಗಾಳಿಯೇ ಕಾಯಿಲೆ ತರುತ್ತಿದೆ ಎಂಬುದಕ್ಕೆ ಈಗ ಇಲ್ಲಿನದೇ ಪುರಾವೆ ಇದೆ. ದೆಹಲಿ ಮತ್ತು ಚೆನ್ನೈನ ಸುಮಾರು 12,000 ವಯಸ್ಕರನ್ನು ಅನುಸರಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ವಾರ್ಷಿಕ ಪಿಎಂ 2.5 ಮಟ್ಟ 10 ಮೈಕ್ರೋಗ್ರಾಂ ಏರಿದರೆ ಸಕ್ಕರೆ ಕಾಯಿಲೆಯ ಅಪಾಯ ಶೇ. 22ರಷ್ಟು ಏರುತ್ತದೆ.

ನನ್ನ ಮುಖ್ಯ ತಕರಾರು ಬೇರೆ. ಈ ಸಾಹಿತ್ಯದಲ್ಲಿ ‘ದೈಹಿಕ ಚಟುವಟಿಕೆ’ ಎಂದರೆ ಬಹುಪಾಲು ಬಿಡುವಿನ ವ್ಯಾಯಾಮ, ಇಲ್ಲವೇ ಕೆಲಸಕ್ಕೆ ಹೋಗಿಬರುವ ನಡಿಗೆ. ನಮ್ಮ ನಗರಗಳಲ್ಲಿ ರಸ್ತೆಬದಿ ಅತಿ ಹೆಚ್ಚು ಏದುಸಿರು ಬಿಡುವವರು ಇವರಾರೂ ಅಲ್ಲ. ನಸುಕಿಗೇ ಪೊರಕೆ ಹಿಡಿದ ಪೌರಕಾರ್ಮಿಕರು ಗುಡಿಸಿದಷ್ಟೂ ದೂಳು ಏಳುತ್ತದೆ, ಅದನ್ನೇ ಅವರು ಬಗ್ಗಿಕೊಂಡು ಉಸಿರಾಡುತ್ತಾರೆ. ಗಾರೆ ಕೆಲಸದವರು, ತಳ್ಳುಗಾಡಿಯವರು, ಸಂಚಾರ ಪೊಲೀಸರು ಕೂಡ ದಾರಿಯನ್ನಾಗಲಿ ಹೊತ್ತನ್ನಾಗಲಿ ಆರಿಸಿಕೊಳ್ಳುವಂತಿಲ್ಲ. ಮೈಮುರಿಯುವ ಕೆಲಸ ವ್ಯಾಯಾಮದ ಫಲ ಕೊಡುವುದೂ ಅನುಮಾನವೇ. 2018ರ ಒಂದು ವಿಶ್ಲೇಷಣೆ 17 ಅಧ್ಯಯನಗಳ 1,93,696 ಮಂದಿಯ ಮಾಹಿತಿಯನ್ನು ಒಟ್ಟುಮಾಡಿ ನೋಡಿತು: ಉದ್ಯೋಗದಲ್ಲಿ ಹೆಚ್ಚು ದೈಹಿಕ ಶ್ರಮವಿದ್ದ ಗಂಡಸರಲ್ಲಿ ಅಕಾಲ ಮರಣದ ಅಪಾಯ ಶೇ. 18ರಷ್ಟು ಹೆಚ್ಚಿತ್ತು. ವಿರಾಮವಿಲ್ಲದ, ತಾಸುಗಟ್ಟಲೆಯ, ತನ್ನ ಹಿಡಿತದಲ್ಲಿಲ್ಲದ ಶ್ರಮ ದೇಹವನ್ನು ಪಳಗಿಸುವ ಬದಲು ಸವೆಸುತ್ತದೆ. ಅದಕ್ಕೆ ಹೊಗೆಯೂ ಸೇರಿದರೆ ‘ನಡೆದರೆ ಒಳ್ಳೆಯದು’ ಎಂಬ ಸಾಮಾನ್ಯ ಸಲಹೆ ಅವರ ಪಾಲಿಗೆ ಅರ್ಥ ಕಳೆದುಕೊಳ್ಳುತ್ತದೆ.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಇಲ್ಲಿ ಇಂಥ ಅಧ್ಯಯನ ಕೈಗೊಳ್ಳುವವರಲ್ಲಿ ಕೋರಿಕೆ ಇಷ್ಟೇ. ಪ್ರಶ್ನಾವಳಿಯಲ್ಲಿ ವ್ಯಾಯಾಮಕ್ಕೂ ಉದ್ಯೋಗದ ಶ್ರಮಕ್ಕೂ ಬೇರೆಬೇರೆ ಅಂಕಣ ಇಡಿ, ಗಾಳಿಯ ಅಳತೆಯನ್ನು ಕೆಲಸದ ಜಾಗದಲ್ಲಿ ತೆಗೆಯಿರಿ, ಮೊದಲ ಹೆಸರುಗಳನ್ನು ಪೌರಕಾರ್ಮಿಕರ ಹಾಜರಿ ಪುಸ್ತಕದಿಂದ ಬರೆದುಕೊಳ್ಳಿ.