ಬೆಳಗಾವಿ ಕೋಟೆ ಮತ್ತು ಖಾನಾಪುರ ಪ್ರವಾಸ

ಬೆಳಗಾವಿ ನಗರ ಹಾಗೂ ಅದರ ನೈಋತ್ಯಕ್ಕಿರುವ ಖಾನಾಪುರ ತಾಲ್ಲೂಕು ಕರ್ನಾಟಕದ ವಾಯವ್ಯ ಭಾಗದ ಪ್ರಮುಖ ಪ್ರವಾಸಿ ಪ್ರದೇಶಗಳು. ಕಂದಕದಿಂದ ಸುತ್ತುವರಿದ ಬೆಳಗಾವಿ ಕೋಟೆ, ಆದಿ ಕದಂಬರ ಕಾಲದಿಂದ ಪ್ರಸಿದ್ಧವಾದ ಹಲಸಿ, ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡ, ಮಲಪ್ರಭಾ ನದಿಯ ಉಗಮಸ್ಥಾನವಾದ ಕಣಕುಂಬಿ ಮತ್ತು ಭೀಮಗಡ ವನ್ಯಜೀವಿಧಾಮ ಇಲ್ಲಿನ ಮುಖ್ಯ ತಾಣಗಳು. ಬೆಳಗಾವಿಯಿಂದ ಖಾನಾಪುರ ಪಟ್ಟಣಕ್ಕೆ ಸುಮಾರು 26 ಕಿ.ಮೀ. ದೂರವಿದೆ. ತಾಣಗಳ ನಡುವಿನ ಅಂತರ ಹೆಚ್ಚಿಲ್ಲವಾದರೂ, ಮಳೆ, ಘಟ್ಟದ ರಸ್ತೆಗಳ ಸ್ಥಿತಿ ಮತ್ತು ಅರಣ್ಯ ಪ್ರವೇಶದ ನಿರ್ಬಂಧಗಳು ಇಲ್ಲಿನ ಸಂಚಾರವನ್ನು ನಿರ್ಧರಿಸುತ್ತವೆ.

ಭೌಗೋಳಿಕ ಹಿನ್ನೆಲೆ

ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಇದರ ಪ್ರಾಚೀನ ಹೆಸರು ವೇಣುಗ್ರಾಮ. ನಗರದಿಂದ ಪಶ್ಚಿಮಕ್ಕೆ ಮತ್ತು ನೈಋತ್ಯಕ್ಕೆ ಸಾಗಿದಂತೆ ಬಯಲು ಕಡಿಮೆಯಾಗಿ ಸಹ್ಯಾದ್ರಿಯ ಕಾಡು ಆರಂಭವಾಗುತ್ತದೆ. ಖಾನಾಪುರ ತಾಲ್ಲೂಕು ಎರಡು ನದಿ ವ್ಯವಸ್ಥೆಗಳ ಜಲವಿಭಾಜಕ ಪ್ರದೇಶವಾಗಿದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣಾ ನದಿಯನ್ನು ಸೇರಿದರೆ, ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಹರಿದು ಗೋವಾದಲ್ಲಿ ಮಾಂಡೋವಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ.

ತಲುಪುವ ಬಗೆ

ರೈಲು: ಬೆಳಗಾವಿ, ಖಾನಾಪುರ ಮತ್ತು ಲೋಂಡಾ ನಿಲ್ದಾಣಗಳು ಹುಬ್ಬಳ್ಳಿ–ಮೀರಜ್ ಮಾರ್ಗದಲ್ಲಿವೆ. ಖಾನಾಪುರ ತಾಲ್ಲೂಕಿನಲ್ಲಿರುವ ಲೋಂಡಾ ಒಂದು ಜಂಕ್ಷನ್. ಇಲ್ಲಿಂದ ಕ್ಯಾಸಲ್ ರಾಕ್ ಹಾಗೂ ದೂಧಸಾಗರದ ಮೂಲಕ ಗೋವಾಕ್ಕೆ ಹೋಗುವ ಮಾರ್ಗ ಕವಲೊಡೆಯುತ್ತದೆ. ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಪ್ರಯಾಣಕ್ಕೆ ಹೆಚ್ಚಾಗಿ ಬಳಕೆಯಾಗುತ್ತದೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರು–ಬೆಳಗಾವಿ ನಡುವೆ ವಂದೇ ಭಾರತ್ ರೈಲು ಆರಂಭವಾಯಿತು.

ರಸ್ತೆ: ಬೆಂಗಳೂರು–ಪುಣೆ ನಡುವಿನ ರಾಷ್ಟ್ರೀಯ ಹೆದ್ದಾರಿ 48 ಬೆಳಗಾವಿಯ ಮೂಲಕ ಹಾದುಹೋಗುತ್ತದೆ. ಹುಬ್ಬಳ್ಳಿಯಿಂದ ಬೆಳಗಾವಿಗೆ ಸುಮಾರು 100 ಕಿ.ಮೀ., ಬೆಂಗಳೂರಿನಿಂದ ಸುಮಾರು 500 ಕಿ.ಮೀ. ದೂರವಿದೆ. ಗೋವಾಕ್ಕೆ ಎರಡು ಮುಖ್ಯ ಘಟ್ಟದ ದಾರಿಗಳಿವೆ. ಮೊದಲನೆಯದು ಖಾನಾಪುರ, ರಾಮನಗರ ಮತ್ತು ಅನಮೋಡ್ ಮೂಲಕ ಮೊಲೆಮ್‌ಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 748. ಎರಡನೆಯದು ಜಾಂಬೋಟಿ ಮತ್ತು ಕಣಕುಂಬಿಯ ಮೂಲಕ ಸಾಗುವ ಚೋರ್ಲಾ ಘಟ್ಟದ ರಸ್ತೆ. ಮಳೆಗಾಲದಲ್ಲಿ ಮಣ್ಣು ಕುಸಿತ, ಮರ ಬೀಳುವಿಕೆ ಮತ್ತು ದಟ್ಟ ಮಂಜಿನಿಂದ ಈ ಎರಡೂ ದಾರಿಗಳಲ್ಲಿ ಸಂಚಾರ ನಿಧಾನವಾಗುತ್ತದೆ. ಕೆಲವೊಮ್ಮೆ ಭಾರೀ ವಾಹನಗಳನ್ನು ನಿರ್ಬಂಧಿಸಲಾಗುತ್ತದೆ.

ವಿಮಾನ: ನಗರದ ಪೂರ್ವಕ್ಕಿರುವ ಸಾಂಬ್ರಾದಲ್ಲಿ ವಿಮಾನ ನಿಲ್ದಾಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುಪಡೆಗಾಗಿ ನಿರ್ಮಾಣವಾದ ಈ ನಿಲ್ದಾಣದಿಂದ ಈಗ ಬೆಂಗಳೂರು ಮೊದಲಾದ ನಗರಗಳಿಗೆ ನಾಗರಿಕ ವಿಮಾನ ಸೌಲಭ್ಯವಿದೆ.

ಸ್ಥಳೀಯ ಸಂಚಾರ

ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣವು ಕೋಟೆಯ ಸಮೀಪದಲ್ಲಿದ್ದು, ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ರೈಲು ನಿಲ್ದಾಣದಿಂದ ಬರುವವರಿಗೆ ನಗರ ಸಾರಿಗೆ ಬಸ್ಸುಗಳೂ ಆಟೋರಿಕ್ಷಾಗಳೂ ದೊರೆಯುತ್ತವೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಖಾನಾಪುರ, ನಂದಗಡ, ಹಲಸಿ ಮತ್ತು ಜಾಂಬೋಟಿಗೆ ಸಂಚರಿಸುತ್ತವೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ನಿವಾಸಿ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಕಾಡಂಚಿನ ಊರುಗಳಿಗೆ ಬಸ್ಸುಗಳು ವಿರಳವಾಗಿರುವುದರಿಂದ, ಮರಳುವ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಅಗತ್ಯ. ಕರ್ನಾಟಕ ಮತ್ತು ಮಹಾರಾಷ್ಟ್ರಗಳ ನಡುವಿನ ಗಡಿ ವಿವಾದ ಉಲ್ಬಣಿಸಿದ ಸಂದರ್ಭಗಳಲ್ಲಿ ಅಂತರರಾಜ್ಯ ಬಸ್ ಸಂಚಾರ ತಾತ್ಕಾಲಿಕವಾಗಿ ಸ್ಥಗಿತಗೊಂಡದ್ದುಂಟು.

ಬೆಳಗಾವಿ ಕೋಟೆ

ಕೋಟೆಯ ಮೂಲ ನಿರ್ಮಾಣವನ್ನು ರಟ್ಟರ ಕಾಲಕ್ಕೆ, ಅಂದರೆ 13ನೇ ಶತಮಾನದ ಆರಂಭಕ್ಕೆ ಗುರುತಿಸಲಾಗುತ್ತದೆ. ಅನಂತರ ಅದು ಸೇವುಣರು, ವಿಜಯನಗರದ ಅರಸರು, ಬಹಮನಿ ಸುಲ್ತಾನರು, ಬಿಜಾಪುರದ ಆದಿಲಶಾಹಿಗಳು, ಮರಾಠರು ಮುಂತಾದವರ ಕೈಸೇರಿ 1818ರಲ್ಲಿ ಬ್ರಿಟಿಷರ ವಶವಾಯಿತು. ಬಹಮನಿ ಮಂತ್ರಿ ಮಹಮೂದ್ ಗವಾನನು ಇದನ್ನು ಗೆದ್ದದ್ದು 15ನೇ ಶತಮಾನದ ಉತ್ತರಾರ್ಧದಲ್ಲಿ. ಈಗ ಕಾಣುವ ಗೋಡೆ ಮತ್ತು ಬುರುಜುಗಳ ಬಹುಭಾಗ ನಂತರದ ಕಾಲಗಳಲ್ಲಿ ಬಲಪಡಿಸಲ್ಪಟ್ಟದ್ದು. ಅಂಡಾಕಾರದ ಕೋಟೆಯನ್ನು ಅಗಲವಾದ, ಆಳವಾದ ಕಂದಕ ಸುತ್ತುವರಿದಿದೆ. ಪ್ರವೇಶದ್ವಾರದ ಬಳಿ ಗಣಪತಿ ಮತ್ತು ದುರ್ಗಾದೇವಿಯ ಗುಡಿಗಳಿವೆ.

ಕೋಟೆಯೊಳಗಿನ ಸ್ಮಾರಕಗಳಲ್ಲಿ ಕಮಲ ಬಸದಿ ಮುಖ್ಯವಾದದ್ದು. ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಇದನ್ನು ಕಟ್ಟಿಸಿದನು. ಇಲ್ಲಿನ ಮೂಲನಾಯಕ ನೇಮಿನಾಥ ತೀರ್ಥಂಕರ. ಮಂಟಪದ ಒಳಛಾವಣಿಯಿಂದ ಇಳಿಬಿದ್ದಿರುವ ಕಮಲದ ಕೆತ್ತನೆಯಿಂದ ಬಸದಿಗೆ ಈ ಹೆಸರು ಬಂದಿದೆ. 16ನೇ ಶತಮಾನದ ಆದಿಭಾಗದಲ್ಲಿ ಅಸದ್ ಖಾನನು ನಿರ್ಮಿಸಿದ ಸಫಾ ಮಸೀದಿಯ ಕೆಲವು ಕಂಬಗಳು ಹಳೆಯ ಕಟ್ಟಡಗಳಿಂದ ತಂದವು. ಅವುಗಳಲ್ಲಿ ಎರಡರ ಮೇಲೆ ನಾಗರಿ ಲಿಪಿಯಲ್ಲಿ ಬರೆದ ಕನ್ನಡ ಶಾಸನಗಳಿವೆ. ಒಂದು ರಟ್ಟರ ಕಾಲದ್ದು, ಇನ್ನೊಂದು ಸೇವುಣ ಕೃಷ್ಣನ ಕಾಲದ್ದು.

1892ರ ಅಕ್ಟೋಬರ್‌ನಲ್ಲಿ ಪರಿವ್ರಾಜಕರಾಗಿ ಬೆಳಗಾವಿಗೆ ಬಂದ ಸ್ವಾಮಿ ವಿವೇಕಾನಂದರು ಕೋಟೆಯೊಳಗೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ತಂಗಿದ್ದರು. ರಾಮಕೃಷ್ಣ ಮಿಷನ್ ಆಶ್ರಮವು ಇಂದು ಕೋಟೆಯಲ್ಲಿದ್ದು, ಈ ನೆನಪನ್ನು ಉಳಿಸಿಕೊಂಡಿದೆ. ಕೋಟೆಯ ಕೆಲವು ಭಾಗಗಳು ಸೇನೆಯ ಅಧೀನದಲ್ಲಿರುವುದರಿಂದ ಎಲ್ಲ ಕಡೆಯೂ ಮುಕ್ತ ಪ್ರವೇಶವಿಲ್ಲ. ಛಾಯಾಚಿತ್ರ ತೆಗೆಯುವ ಮೊದಲು ಕಾವಲುಗಾರರ ಅನುಮತಿ ಪಡೆಯಬೇಕು. ಸಮೀಪದ ಕೋಟೆ ಕೆರೆಯ ದಡದಲ್ಲಿ 2018ರಲ್ಲಿ 110 ಮೀಟರ್ ಎತ್ತರದ ರಾಷ್ಟ್ರಧ್ವಜ ಸ್ತಂಭವನ್ನು ನಿಲ್ಲಿಸಲಾಯಿತು.

ನಗರದ ಇತರ ತಾಣಗಳು

ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಟಿಳಕವಾಡಿ ಪ್ರದೇಶದ ಆ ಸ್ಥಳದಲ್ಲಿ ಈಗ ವೀರಸೌಧ ಎಂಬ ಸ್ಮಾರಕವಿದೆ. ಅಧಿವೇಶನಕ್ಕೆ ನೀರೊದಗಿಸಲು ತೋಡಿದ ಬಾವಿಯನ್ನು ಜನ ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ. ಕಪಿಲೇಶ್ವರ ದೇವಾಲಯ ಮತ್ತು ದಂಡು ಪ್ರದೇಶದ ಮಿಲಿಟರಿ ಮಹಾದೇವ ದೇವಾಲಯಗಳಿಗೂ ಭಕ್ತರು ಭೇಟಿ ನೀಡುತ್ತಾರೆ. ಹೆದ್ದಾರಿಯ ಬದಿಯಲ್ಲಿರುವ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಗೊಂಡಿತು. ಚಳಿಗಾಲದ ಅಧಿವೇಶನದ ದಿನಗಳಲ್ಲಿ ನಗರದ ವಸತಿಗೃಹಗಳು ಬಹುತೇಕ ತುಂಬಿರುತ್ತವೆ.

ಖಾನಾಪುರ ತಾಲ್ಲೂಕಿನ ತಾಣಗಳು

ಮಲಪ್ರಭಾ ದಡದ ಖಾನಾಪುರವು ಹೆಂಚು, ಇಟ್ಟಿಗೆ ಮತ್ತು ಕುಂಬಾರಿಕೆಗೆ ಹೆಸರಾಗಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲಿದೆ. ಪಟ್ಟಣದ ಸಮೀಪದ ಅಸೋಗಾದಲ್ಲಿ ನದಿಯ ದಡದಲ್ಲಿ ರಾಮಲಿಂಗೇಶ್ವರ ದೇವಾಲಯವಿದೆ.

ಹಲಸಿ: ಶಾಸನಗಳಲ್ಲಿ ಪಲಾಶಿಕಾ ಎಂದು ಕರೆಯಲಾದ ಹಲಸಿಯು ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಇಲ್ಲಿ ದೊರೆತ ತಾಮ್ರಪಟಗಳು ಕರ್ನಾಟಕದ ಆರಂಭಕಾಲದ ಇತಿಹಾಸಕ್ಕೆ ಮಹತ್ವದ ಆಕರಗಳು. ಅರಸ ಮೃಗೇಶವರ್ಮನು ತನ್ನ ತಂದೆಯ ಸ್ಮರಣಾರ್ಥ ಇಲ್ಲಿ ಜಿನಾಲಯವನ್ನು ಕಟ್ಟಿಸಿದ ವಿಷಯ ಅವುಗಳಲ್ಲಿದೆ. ಈಗ ಊರಿನ ಪ್ರಧಾನ ದೇವಾಲಯವಾಗಿರುವ ಭೂವರಾಹ ನರಸಿಂಹ ದೇವಾಲಯವು ಗೋವಾ ಕದಂಬರ ಕಾಲದ್ದು.

ನಂದಗಡ: ಖಾನಾಪುರ–ಹಳಿಯಾಳ ರಸ್ತೆಯಲ್ಲಿರುವ ಈ ಊರಿನಲ್ಲಿ ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿ ದೊಡ್ಡ ಆಲದ ಮರವಿದೆ. ಅದನ್ನು ಅವನ ಒಡನಾಡಿ ನೆಟ್ಟನೆಂದು ಜನರ ನಂಬಿಕೆ. ಮಕ್ಕಳ ಭಾಗ್ಯಕ್ಕಾಗಿ ಹರಕೆ ಹೊತ್ತವರು ಇಲ್ಲಿ ತೊಟ್ಟಿಲು ಕಟ್ಟುತ್ತಾರೆ. ನಂದಗಡ ಮತ್ತು ಹಲಸಿಗಳನ್ನು ಖಾನಾಪುರದಿಂದ ಒಂದೇ ದಿನದಲ್ಲಿ ನೋಡಿ ಬರಬಹುದು.

ಕಣಕುಂಬಿ: ಜಾಂಬೋಟಿಯಿಂದ ಪಶ್ಚಿಮಕ್ಕೆ ಸುಮಾರು 16 ಕಿ.ಮೀ. ದೂರದ ಕಣಕುಂಬಿಯಲ್ಲಿ ಮಲಪ್ರಭಾ ಉಗಮದ ತೀರ್ಥ ಮತ್ತು ಮಾವುಲಿ ದೇವಿಯ ದೇವಾಲಯವಿದೆ. ಮಲಪ್ರಭಾ ಕೊಳ್ಳಕ್ಕೆ ನೀರು ತಿರುಗಿಸುವ ಕಳಸಾ–ಬಂಡೂರಿ ಯೋಜನೆಯ ಕಳಸಾ ನಾಲೆಯೂ ಈ ಪರಿಸರದಲ್ಲಿದೆ. ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಈ ಕುರಿತು ತೀರ್ಪು ನೀಡಿತು.

ಭೀಮಗಡ ವನ್ಯಜೀವಿಧಾಮ

ಸುಮಾರು 190 ಚದರ ಕಿ.ಮೀ. ವಿಸ್ತೀರ್ಣದ ಈ ಕಾಡನ್ನು 2011ರ ಡಿಸೆಂಬರ್‌ನಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಮರಾಠರ ಕಾಲದ ಭೀಮಗಡ ಕೋಟೆಯಿಂದ ಇದಕ್ಕೆ ಈ ಹೆಸರು ಬಂದಿದೆ. ಇಲ್ಲಿನ ಬಾರಾಪೇಡೆ ಗುಹೆಗಳು ರಾಟನ್ಸ್ ಬಾವಲಿ ಎಂಬ ಅಪರೂಪದ ಬಾವಲಿಯ ನೆಲೆ. 20ನೇ ಶತಮಾನದ ಆರಂಭದಲ್ಲಿ ಪತ್ತೆಯಾದ ಈ ಪ್ರಭೇದ ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆಯೆಂದು ಬಹುಕಾಲ ಭಾವಿಸಲಾಗಿತ್ತು. ಅನಂತರ ಮೇಘಾಲಯ ಮತ್ತು ಕಾಂಬೋಡಿಯಾಗಳಲ್ಲಿಯೂ ಕಂಡುಬಂದಿತು. ಗುಹೆಯೊಳಗಿನ ಬೆಳಕು, ಹೊಗೆ ಮತ್ತು ಸದ್ದು ಬಾವಲಿಗಳನ್ನು ಕದಡುವುದರಿಂದ ಅಲ್ಲಿ ಪ್ರವಾಸಿಗರ ಓಡಾಟ ಸೂಕ್ತವಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ವನ್ಯಜೀವಿಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗವಾಳಿ ಸಮೀಪದ ವಜ್ರಪೋಹಾ ಮುಂತಾದ ಕಾಡಿನ ಜಲಪಾತಗಳು ಮಳೆಗಾಲದಲ್ಲಿ ತುಂಬಿ ಹರಿಯುತ್ತವೆ. ಆದರೆ ಅದೇ ಕಾಲದಲ್ಲಿ ಹಳ್ಳಗಳು ಏಕಾಏಕಿ ಉಕ್ಕುವುದರಿಂದ ಇಲಾಖೆಯು ಪ್ರವೇಶವನ್ನು ನಿರ್ಬಂಧಿಸಿದ್ದುಂಟು.

ವನ್ಯಜೀವಿಧಾಮದ ಒಳಗೆ ತಳೇವಾಡಿ, ಗವಾಳಿ, ಕೃಷ್ಣಾಪುರ ಮೊದಲಾದ ಹಳ್ಳಿಗಳಿವೆ. ಮಳೆಗಾಲದಲ್ಲಿ ದಾರಿ ಕಡಿದುಹೋಗುವುದರಿಂದ ರೋಗಿಗಳನ್ನು ಹೊತ್ತುಕೊಂಡೇ ರಸ್ತೆಗೆ ತರಬೇಕಾದ ಸನ್ನಿವೇಶಗಳು ಇಲ್ಲಿ ಎದುರಾಗಿವೆ. ರಸ್ತೆ ಹಾಗೂ ಸೇತುವೆಗಳು ಬೇಕೆಂಬ ನಿವಾಸಿಗಳ ಬೇಡಿಕೆ ಮತ್ತು ಕಾಡನ್ನು ತುಂಡರಿಸಬಾರದೆಂಬ ಸಂರಕ್ಷಣೆಯ ನಿಯಮಗಳ ನಡುವೆ ಸರ್ಕಾರವು ಸ್ವಯಂಪ್ರೇರಿತ ಪುನರ್ವಸತಿ ಯೋಜನೆಯನ್ನು ಕೈಗೆತ್ತಿಕೊಂಡಿದ್ದು, ತಳೇವಾಡಿಯ ಕುಟುಂಬಗಳಿಂದ ಅದು ಆರಂಭವಾಗಿದೆ.

ಪ್ರವಾಸಕ್ಕೆ ಸೂಕ್ತ ಕಾಲ

ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಈ ಪ್ರದೇಶದ ಪ್ರವಾಸಕ್ಕೆ ಅನುಕೂಲಕರ. ಆಗ ನದಿ, ಹಳ್ಳಗಳಲ್ಲಿ ನೀರಿರುತ್ತದೆ. ಕಾಡಿನ ರಸ್ತೆಗಳೂ ಸಂಚಾರಯೋಗ್ಯವಾಗಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾಂಬೋಟಿ, ಕಣಕುಂಬಿ ಭಾಗದಲ್ಲಿ ಬೆಳಗಾವಿ ನಗರಕ್ಕಿಂತ ಬಹಳ ಹೆಚ್ಚು ಮಳೆಯಾಗುತ್ತದೆ. ಆ ತಿಂಗಳುಗಳಲ್ಲಿ ಕೋಟೆ, ಹಲಸಿ ಮತ್ತು ನಂದಗಡಗಳಿಗೆ ಮಾತ್ರ ಪ್ರವಾಸವನ್ನು ಸೀಮಿತಗೊಳಿಸುವುದು ಸುರಕ್ಷಿತ.

ಭಾಷೆ ಮತ್ತು ಆಹಾರ

ಈ ಪ್ರದೇಶದಲ್ಲಿ ಕನ್ನಡ, ಮರಾಠಿ, ಕೊಂಕಣಿ ಮತ್ತು ಉರ್ದು ಭಾಷೆಗಳು ಬಳಕೆಯಲ್ಲಿವೆ. ಹಾಲು ಮತ್ತು ಸಕ್ಕರೆಯನ್ನು ಬಹಳ ಹೊತ್ತು ಕಾಯಿಸಿ ಮಾಡುವ ಕುಂದಾ ಬೆಳಗಾವಿಯ ಪ್ರಸಿದ್ಧ ಸಿಹಿತಿಂಡಿ. ಮದುವೆಯ ಊಟದಲ್ಲಿ ಬಡಿಸುವ ಮಂಡಿಗೆಗೂ ನಗರ ಹೆಸರಾಗಿದೆ. ಖಾನಾವಳಿಗಳಲ್ಲಿ ಜೋಳದ ರೊಟ್ಟಿಯ ಊಟ ದೊರೆಯುತ್ತದೆ. ಘಟ್ಟದ ಅಂಚಿನ ಊರುಗಳಲ್ಲಿ ಅನ್ನವೇ ಪ್ರಧಾನ.