ಭರತಪುರದ ಎಮ್ಮೆಗಳು

ಪಕ್ಷಿತಜ್ಞ ಡಾ. ಸಲೀಂ ಅಲಿಯವರ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಅವರ ಲೆಕ್ಕಾಚಾರ ತಪ್ಪಿದ ಒಂದು ಪ್ರಸಂಗವನ್ನೂ ತಿಳಿದುಕೊಳ್ಳಿ.

ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಪಕ್ಷಿಧಾಮದ ವಿಸ್ತೀರ್ಣ ಸುಮಾರು 29 ಚದರ ಕಿ.ಮೀ. ಹಿಂದೆ ಅದು ಮಹಾರಾಜರು ಬಾತುಕೋಳಿ ಬೇಟೆಯಾಡುತ್ತಿದ್ದ ಜೌಗು ಪ್ರದೇಶ. ಸುತ್ತಲಿನ ಹಳ್ಳಿಗಳ ಎಮ್ಮೆಗಳು ಅಲ್ಲೇ ಮೇಯುತ್ತಿದ್ದವು. ಇದರಿಂದ ಹಕ್ಕಿಗಳಿಗೆ ಹಾನಿಯೆಂದು ಸಲೀಂ ಅಲಿ ಮುಂತಾದ ತಜ್ಞರು ನಂಬಿದ್ದರು. ಅದು ರಾಷ್ಟ್ರೀಯ ಉದ್ಯಾನವಾದ ಮೇಲೆ, 1982ರಲ್ಲಿ ದನ ಮೇಯಿಸುವುದನ್ನು ನಿಷೇಧಿಸಲಾಯಿತು. ಹಳ್ಳಿಗರು ಸಿಡಿದೆದ್ದರು. ಪೊಲೀಸರ ಗುಂಡಿಗೆ ಹಲವರು ಬಲಿಯಾದರು.

ಇತ್ತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು 1980ರಿಂದ ಹತ್ತು ವರ್ಷ ಅಲ್ಲಿನ ನೀರು, ಹುಲ್ಲು, ಮೀನು, ಹಕ್ಕಿಗಳನ್ನು ಅಧ್ಯಯನ ಮಾಡಿದರು. ಅವರು ಕಂಡದ್ದೇನು ಗೊತ್ತೇ? ಎಮ್ಮೆಗಳು ತಿನ್ನುತ್ತಿದ್ದ ಪಾಸ್ಪಾಲಂ ಎಂಬ ಹುಲ್ಲು ಈಗ ಎಗ್ಗಿಲ್ಲದೆ ಹಬ್ಬಿ ನೀರನ್ನೇ ಮುಚ್ಚಿತ್ತು. ಮೀನುಗಳಿಗೆ ಕುತ್ತು, ಈಜುವ ಹಕ್ಕಿಗಳಿಗೆ ಜಾಗವಿಲ್ಲ. ಅಷ್ಟು ಕಾಲ ಕೆರೆಯನ್ನು ಹಸನಾಗಿಟ್ಟಿದ್ದು ಎಮ್ಮೆಗಳೇ!

ಸಲೀಂ ಅಲಿ 1987ರಲ್ಲಿ ತೀರಿಕೊಂಡಿದ್ದರು. ನಿಷೇಧದಿಂದ ಕೆರೆಗೆ ಕೇಡಾಯಿತೆಂದು 1991ರ ವರದಿಯಲ್ಲಿ ಬರೆದದ್ದು ಅವರೇ ಬೆಳೆಸಿದ ಸಂಸ್ಥೆ. ನನ್ನ ಮಟ್ಟಿಗೆ ಅದು ಗುರುವಿಗೆ ಸಲ್ಲಿಸಿದ ನಿಜವಾದ ಗೌರವ. ಹಳ್ಳಿಯವರಿಗೆ ಕುಡುಗೋಲು ಹಿಡಿದು ಹುಲ್ಲು ಕೊಯ್ದೊಯ್ಯಲು ಅನುಮತಿ ಸಿಕ್ಕಿತು.