ಮದರಾಸಿನ ಜಸ್ಟಿಸ್ ಪಕ್ಷವೂ ಅದರ ಮತದಾರ ವರ್ಗವೂ

ದಕ್ಷಿಣ ಭಾರತ ಲಿಬರಲ್ ಫೆಡರೇಷನ್ ಎಂಬ ಹೆಸರಿನಿಂದ 1916ರ ನವೆಂಬರಿನಲ್ಲಿ ಮದರಾಸಿನಲ್ಲಿ ಹುಟ್ಟಿ, ತನ್ನ ಆಂಗ್ಲ ಪತ್ರಿಕೆಯ ಹೆಸರಿನಿಂದ ಜಸ್ಟಿಸ್ ಪಕ್ಷವೆಂದು ಪ್ರಸಿದ್ಧವಾದ ಸಂಸ್ಥೆಯ ಪತನವನ್ನು 1937ರ ಚುನಾವಣೆಯಿಂದ ಮೊದಲ್ಗೊಂಡು ವರ್ಣಿಸುವುದು ರೂಢಿ. ಕಾರಣವು ಕಾರ್ಯಕ್ಕಿಂತ ಮುಂಚಿತವಾಗಿ ಇರತಕ್ಕದ್ದು. ಆದುದರಿಂದ ಆ ಪತನದ ಬೀಜವನ್ನು ಪಕ್ಷದ ಜಯಗಳಲ್ಲಿಯೇ ಅರಸಬೇಕಾಗುತ್ತದೆ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಮದರಾಸು ಆಧಿಪತ್ಯದಲ್ಲಿ ಸೇರಿದ್ದುದರಿಂದ ಈ ವೃತ್ತಾಂತವು ಕನ್ನಡಿಗರಿಗೂ ಹೊರಗಿನದಲ್ಲ. ಪಕ್ಷದ ಮೂರು ಪತ್ರಿಕೆಗಳು ಮಾತ್ರ ಆಂಗ್ಲ, ತಮಿಳು, ತೆಲುಗುಗಳಲ್ಲಿದ್ದವು. ಕನ್ನಡ ಮತದಾರನನ್ನು ಅವನ ನುಡಿಯಲ್ಲಿ ಕರೆಯುವ ಗೋಜಿಗೆ ಅವು ಹೋಗಲಿಲ್ಲ.

1920ರಲ್ಲಿ 98 ಚುನಾಯಿತ ಸ್ಥಾನಗಳೊಳಗೆ 63 ಪಕ್ಷಕ್ಕೆ ದೊರೆತವು. ಕಾಂಗ್ರೆಸ್ಸು ಅಸಹಕಾರವನ್ನವಲಂಬಿಸಿ ಕಣಕ್ಕಿಳಿಯಲಿಲ್ಲ. ಮತಾಧಿಕಾರವೋ ತೆರಿಗೆ ಕೊಡುವ ಅಲ್ಪಸಂಖ್ಯೆಯ ಆಸ್ತಿವಂತರದು. ಪಾನಗಲ್ ರಾಜರ ಮಂತ್ರಿಮಂಡಲವು 1921ರ ಸಾಮುದಾಯಿಕ ಆಜ್ಞೆಯಿಂದ ಸರಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ದಾರಿ ತೆರೆಯಿತು. ಇದು ಸಣ್ಣ ಕೆಲಸವೆಂದು ಯಾರೂ ಹೇಳಲಾರರು. ಆದರೆ ನೌಕರಿಯ ಫಲವು ಓದಿದವರಿಗೆ ಸಂದಿತೇ ಹೊರತು ಉಳುವವನಿಗೂ ಕೂಲಿಯವನಿಗೂ ಅಲ್ಲ. 1921ರ ಬಕಿಂಗ್‌ಹಾಂ ಗಿರಣಿಯ ಮುಷ್ಕರದಲ್ಲಿ ಪಕ್ಷದವರು ತಳೆದ ನಿಲುವಿನಿಂದ ಆದಿದ್ರಾವಿಡರ ಮನಸ್ಸು ಮುರಿಯಿತು. ಅವರ ನಾಯಕರಾದ ಎಂ. ಸಿ. ರಾಜಾ 1923ರಲ್ಲಿ ಪಕ್ಷವನ್ನು ತೊರೆದರು. ಅದೇ ವರ್ಷ ಸಿ. ಆರ್. ರೆಡ್ಡಿಯವರೂ, ಎಂದರೆ ಮೈಸೂರಿನ ವಿದ್ಯಾಭ್ಯಾಸದ ಇಲಾಖೆಯಲ್ಲಿ ಸೇವೆಸಲ್ಲಿಸಿ ಇಲ್ಲಿಯ ವಿದ್ವಜ್ಜನರಿಗೆ ಪರಿಚಿತರಾಗಿದ್ದ ಮಹನೀಯರೂ, ಎದುರು ಪಕ್ಷಕ್ಕೆ ನಡೆದರು. ಮಂತ್ರಿಮಂಡಲದ ಮೇಲಿನ ಅವಿಶ್ವಾಸದ ನಿರ್ಣಯವು 65ಕ್ಕೆ 44ರಂತೆ ಬಿದ್ದುಹೋಯಿತಾದರೂ ಗೋಡೆಯ ಬಿರುಕು ಎಲ್ಲರಿಗೂ ಕಾಣಿಸಿತು. 1926ರಲ್ಲಿ ಸ್ವರಾಜ್ಯ ಪಕ್ಷದವರು 41 ಸ್ಥಾನಗಳನ್ನು ಪಡೆದರು. ಜಸ್ಟಿಸ್ ಪಕ್ಷಕ್ಕೆ ಉಳಿದವು 21.

ಕಳೆದ ಮತದಾರನನ್ನು ಮರಳಿ ಪಡೆಯುವ ಯತ್ನಗಳು ಇಲ್ಲಿಂದ ಮುಂದಿನವು. 1927ರಲ್ಲಿ ಕೊಯಮತ್ತೂರಿನಲ್ಲಿ ಕೂಡಿದ ಸಮ್ಮೇಳನವು ತನ್ನವರು ಬೇಕಾದರೆ ಕಾಂಗ್ರೆಸ್ಸಿಗೂ ಸೇರಬಹುದೆಂದಿತು. ಮನೆಯ ಬಲಕ್ಕಾಗಿ ಮನೆಯವರನ್ನೇ ನೆರೆಮನೆಗೆ ಕಳುಹಿಸುವ ಈ ಉಪಾಯದ ಫಲವನ್ನು ವಿವರಿಸಬೇಕಾಗಿಲ್ಲ. 1929ರಲ್ಲಿ ಬ್ರಾಹ್ಮಣರಿಗೂ ಪ್ರವೇಶವಿರಲೆಂಬ ಸೂಚನೆಯು ಬಂದಿತು. ಆತ್ಮಗೌರವ ಚಳವಳಿಯವರ ವಿರೋಧದಿಂದ ಅದು ನಿಂತಿತು. ಅವರ ವಿರೋಧವು ನ್ಯಾಯವಾದುದೇ. ಯಾವ ಭೇದವನ್ನು ಆಧಾರವಾಗಿಟ್ಟುಕೊಂಡು ಪಕ್ಷವು ಹುಟ್ಟಿತೋ ಅದನ್ನು ಕೈಬಿಟ್ಟರೆ ಉಳಿಯುವುದು ಜಮೀನ್ದಾರರ ಕೂಟ ಮಾತ್ರ.

1930ರಲ್ಲಿ ಪಕ್ಷವು ಮತ್ತೆ ಗೆದ್ದಿತು. ಇದನ್ನು ಪುನರುತ್ಥಾನವೆಂದು ಬಗೆದವರುಂಟು, ಅದು ಸರಿಯಲ್ಲ. ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಿದರೆ ವಿಷಯವು ನಿಚ್ಚಳವಾಗುತ್ತದೆ. ಕಾಂಗ್ರೆಸ್ಸು ಹೊರಗುಳಿದ 1920ರಲ್ಲಿ ಜಯ, ಅದರವರು ಸ್ವರಾಜ್ಯ ಪಕ್ಷವಾಗಿ ಬಲವಾಗಿ ನಿಂತ 1926ರಲ್ಲಿ ಸೋಲು. ಕಾನೂನುಭಂಗದ ನಿಮಿತ್ತ ಹೊರಗುಳಿದ 1930ರಲ್ಲಿ ಮತ್ತೆ ಜಯ. ಎದುರಾಳಿಯ ಅಭಾವವೆಂಬ ಉಪಾಧಿಯಿಂದ ಕೂಡಿದ ಜಯದಿಂದ ಮತದಾರನ ಪ್ರೀತಿಯನ್ನು ಊಹಿಸುವುದು ಸದ್ಧೇತುವಲ್ಲ, ಹೇತ್ವಾಭಾಸ.

ಆ ಜಯದ ಕಾಲವೇ ಬೆಲೆಗಳು ಕುಸಿದು ರೈತನಿಗೆ ಕಂದಾಯವು ಹೊರೆಯಾದ ಕಾಲ. ಮಂತ್ರಿಗಳ ಸಂಬಳ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಗಳಿಗೂ ಮೀರಿತ್ತು. ಒಳಗಲಹದಿಂದ 1932ರಲ್ಲಿ ಮುನುಸ್ವಾಮಿ ನಾಯ್ಡು ಇಳಿದು, ದೊಡ್ಡ ಜಮೀನ್ದಾರರಾದ ಬೊಬ್ಬಿಲಿ ರಾಜರು ಮುಖ್ಯಮಂತ್ರಿಯಾದರು. 1934ರ ಕೇಂದ್ರ ಶಾಸನಸಭೆಯ ಚುನಾವಣೆಗೆ ಕಾಂಗ್ರೆಸ್ಸು ಬಂದೊಡನೆ ಆ ಸಭೆಯ ಅಧ್ಯಕ್ಷರಾಗಿದ್ದ ಷಣ್ಮುಖಂ ಚೆಟ್ಟಿಯವರೂ, ಮುಂದೆ 1946ರಲ್ಲಿ ಮೈಸೂರಿನ ದಿವಾನರಾದ ರಾಮಸ್ವಾಮಿ ಮೊದಲಿಯಾರರೂ ಸೋತರು. ಅನಂತರ ಪಕ್ಷವು ಪೆರಿಯಾರ್ ಇ. ವೆ. ರಾಮಸ್ವಾಮಿಯವರ ಈರೋಡಿನ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ರೈತನ ಋಣಪರಿಹಾರವೇ ಮೊದಲಾದ ಅಂಶಗಳು ಅದರಲ್ಲಿದ್ದವು. ಆದರೆ ಅದನ್ನು ನಡೆಯಿಸತಕ್ಕವರು ಜಮೀನ್ದಾರರೇ. 1935ರ ಶಾಸನವು ಮತಾಧಿಕಾರವನ್ನು ಹಲವು ಪಾಲು ವಿಸ್ತರಿಸಿದಾಗ ಹೊಸದಾಗಿ ಬಂದ ಮತದಾರನು ಬಹುಮಟ್ಟಿಗೆ ಇವರಿಗೆ ಗೇಣಿ ಕೊಡುವವನೋ ಕಂದಾಯದ ಭಾರದಿಂದ ಕುಗ್ಗಿದವನೋ ಆಗಿದ್ದನು.

ಸುಂಕ ತಪ್ಪಿಸಲೆಂದು ಇರುಳೆಲ್ಲ ಅಡ್ಡದಾರಿ ಹಿಡಿದವನಿಗೆ ಸುಂಕದ ಕಟ್ಟೆಯ ಮುಂದೆಯೇ ಬೆಳಗಾಯಿತೆಂಬ ಘಟ್ಟಕುಟೀಪ್ರಭಾತ ನ್ಯಾಯವು 1937ರಲ್ಲಿ ನಿದರ್ಶನಕ್ಕೆ ಬಂದಿತು. 215 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 159. ಜಸ್ಟಿಸ್ ಪಕ್ಷಕ್ಕೆ ಇಪ್ಪತ್ತರ ಆಸುಪಾಸು. ಬೊಬ್ಬಿಲಿಯ ರಾಜರನ್ನು ಬೊಬ್ಬಿಲಿಯಲ್ಲಿಯೇ, ಮುಂದೆ ರಾಷ್ಟ್ರಪತಿಗಳಾದ ವಿ. ವಿ. ಗಿರಿಯವರು ಸೋಲಿಸಿದರು.

1938ರಲ್ಲಿ ಹಿಂದಿವಿರೋಧದ ನಿಮಿತ್ತ ಸೆರೆಯಲ್ಲಿದ್ದ ಪೆರಿಯಾರ್ ಅಧ್ಯಕ್ಷರಾಗಿ ಆಯ್ಕೆಯಾದರು. ಅವರು ಮತದಾರನನ್ನಲ್ಲ, ಅನುಯಾಯಿಯನ್ನು ಅರಸಿದರು. 1944ರಲ್ಲಿ ಸೇಲಂ ಸಮ್ಮೇಳನವು ಪಕ್ಷವನ್ನು ದ್ರಾವಿಡರ್ ಕಳಗಂ ಎಂದು ಮಾರ್ಪಡಿಸಿ ಚುನಾವಣೆಯ ದಾರಿಯನ್ನೇ ಬಿಟ್ಟಿತು. ಒಪ್ಪದವರು ಪಿ. ಟಿ. ರಾಜನ್ ಅವರ ಸುತ್ತ ಹಳೆಯ ಹೆಸರನ್ನು ಉಳಿಸಿಕೊಂಡರು. ವಯಸ್ಕರೆಲ್ಲರಿಗೂ ಮತವಿದ್ದ 1952ರ ಚುನಾವಣೆಯಲ್ಲಿ ಆ ಹೆಸರಿಗೆ ಒಂದೇ ಸ್ಥಾನ ದೊರೆಯಿತು. ಅದು ರಾಜನ್ ಅವರದೇ.